ಮಾತ್ರೆ ಬಿಡೋ ಮುಂಚೆ ಒಂದು ಮಾತು

(ಈ ವಾರದ ಆರೋಗ್ಯ ಪಾಡ್‌ಕಾಸ್ಟ್‌ನ ಬರಹ ರೂಪ)

 

ಇವತ್ತಿನ ವಿಷಯ ಅಡ್ಡಪರಿಣಾಮ. ನಾವೆಲ್ಲ ಸೈಡ್ ಎಫೆಕ್ಟ್ ಅಂತೀವಲ್ಲ, ಅದೇ. ಡಾಕ್ಟರ್ ಮಾತ್ರೆ ಬರೆದುಕೊಡ್ತಾರೆ, ತಗೊಳ್ತೀವಿ, ಎರಡನೇ ದಿನ ಹೊಟ್ಟೆ ತೊಳೆಸುತ್ತೆ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡೋದು ಒಂದೇ ಕೆಲಸ. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡೋದು. ಶೀಟ್ ಡ್ರಾಯರ್ ಒಳಗೆ ಹೋಗುತ್ತೆ, ಮುಂದಿನ ಸಲ ಡಾಕ್ಟರ್ ಕೇಳಿದರೆ "ಹೂಂ, ತಗೊಂಡೆ ಸಾರ್" ಅಂತೀವಿ.

ಕೆಲವು ಕಾಯಿಲೆಗಳಲ್ಲಿ ಇದರಿಂದ ದೊಡ್ಡ ನಷ್ಟ ಆಗದೇ ಇರಬಹುದು. ಆದರೆ ಒಂದು ಕಾಯಿಲೆಯಲ್ಲಿ ಇದು ಜೀವಕ್ಕೇ ಬರುತ್ತೆ. ಅದು ಟಿಬಿ, ಕ್ಷಯ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಇದು ಅಜ್ಜ ಅಜ್ಜಿಯರ ಕಾಲದ ರೋಗ ಅಂತ ನೀವು ಅಂದುಕೊಂಡಿದ್ದರೆ ಕೇಳಿ, ನನಗೆ ಬಂದಾಗ ನನಗೆ 26 ವರ್ಷ. ಬೆಂಗಳೂರಿನ ಪಿಜಿಯಲ್ಲಿದ್ದೆ, ಶಿಫ್ಟ್ ಕೆಲಸ ಮಾಡ್ತಿದ್ದೆ. ನಾನು ಡಾಕ್ಟರ್ ಅಲ್ಲ. ಆರು ತಿಂಗಳು ಆ ಮಾತ್ರೆ ನುಂಗಿದವಳು, ಪ್ರತಿಯೊಂದು ಮಾತ್ರೆ ಏನು ಮಾಡುತ್ತೆ ಅಂತ ಕೇಳಿ ಕೇಳಿ ತಿಳಿದುಕೊಂಡವಳು. ಹಾಗಾಗಿ ಇದನ್ನೇ ಉದಾಹರಣೆ ಇಟ್ಟುಕೊಂಡು ಮಾತಾಡ್ತೀನಿ.

ನಾಲ್ಕು ಔಷಧಿ ಯಾಕೆ?

ಸಾಮಾನ್ಯ ಟಿಬಿಗೆ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲಾ ಸೇರಿಸಿ ಒಂದೇ ಮಾತ್ರೆಯಾಗಿ ಬರುತ್ತೆ. ದಿನಕ್ಕೆ ಎಷ್ಟು ಮಾತ್ರೆ ಅನ್ನೋದು ನಿಮ್ಮ ತೂಕದ ಮೇಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ.

ಒಂದು ಔಷಧಿ ಸಾಲದಾ ಅಂತ ನೀವು ಕೇಳಬಹುದು. ಸಾಲಲ್ಲ ಅಂತ ಜಗತ್ತು ಕಷ್ಟಪಟ್ಟು ಕಲಿತಿದೆ. ಬ್ರಿಟನ್‌ನಲ್ಲಿ 1948ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಟಿಬಿಯ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಅನ್ನು 55 ಜನಕ್ಕೆ ಕೊಟ್ಟರು. ಇನ್ನು 52 ಜನಕ್ಕೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಔಷಧಿ ತಗೊಂಡವರಲ್ಲಿ ಸತ್ತವರು 4 ಜನ, ವಿಶ್ರಾಂತಿ ಪಡೆದವರಲ್ಲಿ 14. ಪವಾಡ ಅನ್ನಿಸುತ್ತೆ ಅಲ್ವಾ? ಐದು ವರ್ಷ ಬಿಟ್ಟು ನೋಡಿದರೆ ಆ ಕಡೆ 32, ಈ ಕಡೆ 35. ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಯಾಕಂದ್ರೆ ಒಂದೇ ಔಷಧಿಗೆ ಬಗ್ಗದ ಕ್ರಿಮಿಗಳು ಉಳಿದುಕೊಂಡು, ಅವೇ ಬೆಳೆದಿದ್ದವು.

ಲೆಕ್ಕ ಸರಳ. ಶ್ವಾಸಕೋಶದಲ್ಲಿ ಟಿಬಿ ಮಾಡಿದ ಒಂದು ಗುಳಿಯಲ್ಲಿ ಕೋಟಿಗಟ್ಟಲೆ ಕ್ರಿಮಿ ಇರಬಹುದು. ಅದರಲ್ಲಿ ಸುಮಾರು ಹತ್ತು ಲಕ್ಷಕ್ಕೆ ಒಂದು ಐಸೋನಿಯಾಜಿಡ್‌ಗೆ ಬಗ್ಗಲ್ಲ. ಸುಮಾರು ಹತ್ತು ಕೋಟಿಗೆ ಒಂದು ರಿಫಾಂಪಿಸಿನ್‌ಗೆ ಬಗ್ಗಲ್ಲ. ಎರಡಕ್ಕೂ ಒಟ್ಟಿಗೆ ಬಗ್ಗದೇ ಇರೋ ಕ್ರಿಮಿ ಸಿಗೋದು ತೀರಾ ಅಪರೂಪ. ಅದಕ್ಕೇ ಒಟ್ಟಿಗೆ ಹೊಡೆಯೋದು. ಮಧ್ಯದಲ್ಲಿ ಬಿಟ್ಟು, ಮತ್ತೆ ಶುರು ಮಾಡಿ, ಮತ್ತೆ ಬಿಟ್ಟರೆ ಈ ಲೆಕ್ಕ ಕೆಡುತ್ತೆ.

ಮೊದಲೇ ಹೇಳಿದ್ದರೆ ಅರ್ಧ ಭಯ ಹೋಗುತ್ತೆ

ಮೊದಲ ದಿನ ಮಾತ್ರೆ ಕೊಟ್ಟಾಗ ಟಿಬಿ ಘಟಕದ ಸಿಸ್ಟರ್ ನನಗೆ ಒಂದು ಮಾತು ಹೇಳಿದ್ದರು: "ನೋಡಮ್ಮ, ಮೂತ್ರ ಕಿತ್ತಳೆ ಬಣ್ಣದಲ್ಲಿ ಬರುತ್ತೆ. ಕಣ್ಣೀರು, ಬೆವರು ಕೂಡ. ಹೆದರಬೇಡ, ಅದು ಮಾತ್ರೆಯ ಬಣ್ಣ." ರಿಫಾಂಪಿಸಿನ್ ಮಾಡೋ ಕೆಲಸ ಅದು. ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಿದ್ದರೆ ಅದಕ್ಕೂ ಕಲೆ ಹಿಡಿಯುತ್ತೆ, ಆ ಆರು ತಿಂಗಳು ಕನ್ನಡಕವೇ ವಾಸಿ.

ಅದೇ ಸಾಲಲ್ಲಿ ಒಬ್ಬ ಹುಡುಗ ಪರಿಚಯ ಆಗಿದ್ದ, ಡೆಲಿವರಿ ಕೆಲಸದವನು. ಅವನಿಗೆ ಯಾರೂ ಇದನ್ನು ಹೇಳಿರಲಿಲ್ಲ. ಕೆಂಪಗೆ ಬಂದಿದ್ದು ನೋಡಿ ರಕ್ತ ಅಂತ ಗಾಬರಿಯಾಗಿ, ಕಿಡ್ನಿ ಹೋಯ್ತು ಅಂದುಕೊಂಡು ಮಾತ್ರೆ ಬಿಟ್ಟ. ಮೂರು ವಾರ ಆದಮೇಲೆ ಜ್ವರ ಹಿಡಿದುಕೊಂಡು ವಾಪಸ್ ಬಂದ. ಮತ್ತೆ ಕಫ ಪರೀಕ್ಷೆ, ಮತ್ತೆ ಮೊದಲಿನಿಂದ ದಿನ ಎಣಿಸೋದು. ಒಂದು ವಾಕ್ಯ ಹೇಳದೇ ಇದ್ದಿದ್ದಕ್ಕೆ ಅಷ್ಟೆಲ್ಲಾ ಆಯ್ತು.

ನಮ್ಮಮ್ಮ ಹಾವೇರಿಯಿಂದ ದಿನಾ ಫೋನ್ ಮಾಡೋರು. "ಭಾಳ ಹೀಟ್ ಗುಳಿಗಿ ಅವು, ಎರಡು ದಿನ ಬಿಟ್ಟು ತಗೋಳವ್ವಾ" ಅನ್ನೋರು. ಕಾಳಜಿಯಿಂದಲೇ ಹೇಳೋರು. ನಾನು ಅಂದೆ, "ಯವ್ವಾ, ಮಜ್ಜಿಗಿ ಕುಡೀತೀನಿ, ಗುಳಿಗಿ ಮಾತ್ರ ಬಿಡಂಗಿಲ್ಲ." ನಿಮ್ಮ ಮನೆಯಲ್ಲೂ ಈ ಮಾತು ಬರಬಹುದು. ಜಗಳ ಬೇಡ, ಆದರೆ ಮಾತ್ರೆ ಬಿಡೋ ತೀರ್ಮಾನ ಮನೆಯವರದ್ದಲ್ಲ, ನಮ್ಮದೂ ಅಲ್ಲ.

ಸಹಿಸು, ಹೇಳು, ಓಡು

ಅಡ್ಡಪರಿಣಾಮಗಳನ್ನು ನಾನು ಮೂರು ಡಬ್ಬಿಗೆ ಹಾಕಿಕೊಂಡಿದ್ದೆ.

ಮೊದಲನೇದು, ಸಹಿಸು. ಕಿತ್ತಳೆ ಮೂತ್ರ ಈ ಡಬ್ಬಿಗೆ. ಮೊದಲ ವಾರಗಳ ಸಣ್ಣ ವಾಕರಿಕೆಯೂ ಇಲ್ಲಿಗೇ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಮಾತ್ರೆ ಚೆನ್ನಾಗಿ ಮೈಗೆ ಹಿಡಿಯುತ್ತೆ, ಆದರೆ ವಾಂತಿ ಬರೋ ಹಾಗಿದ್ದರೆ ಡಾಕ್ಟರನ್ನು ಕೇಳಿ ಒಂದು ಇಡ್ಲಿಯೋ ಸ್ವಲ್ಪ ಗಂಜಿಯೋ ತಿಂದು ತಗೊಳ್ಳಬಹುದು. ಬಿಡೋದಕ್ಕಿಂತ ತಿಂದು ತಗೊಳ್ಳೋದು ಸಾವಿರ ಪಾಲು ಮೇಲು. ಗ್ಯಾಸ್‌ಗೆ ಕುಡಿಯೋ ಆಂಟಾಸಿಡ್ ಸಿರಪ್ ಮಾತ್ರ ಮಾತ್ರೆ ಜೊತೆಗೇ ಕುಡಿಯಬೇಡಿ. ಔಷಧಿ ಮೈಗೆ ಹಿಡಿಯೋದನ್ನು ಅದು ತಡೆಯುತ್ತೆ.

ಎರಡನೇದು, ಹೇಳು. ಮಾತ್ರೆ ಮುಂದುವರಿಸುತ್ತಲೇ ಒಂದೆರಡು ದಿನದಲ್ಲಿ ಆಸ್ಪತ್ರೆಗೆ ತಿಳಿಸಬೇಕಾದವು ಇವು. ಅಂಗಾಲು, ಅಂಗೈ ಜುಮುಜುಮು ಅನ್ನೋದು, ಉರಿಯೋದು. ಇದು ಐಸೋನಿಯಾಜಿಡ್‌ನಿಂದ ವಿಟಮಿನ್ ಬಿ6 ಕಡಿಮೆಯಾಗಿ ಬರುತ್ತೆ. ಪಿರಿಡಾಕ್ಸಿನ್ ಅನ್ನೋ ಸಣ್ಣ ಮಾತ್ರೆ ಸೇರಿಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತೆ. ಇನ್ನೊಂದು ಕೀಲುನೋವು. ಅದು ಪೈರಾಜಿನಮೈಡ್ ಕೆಲಸ, ರಕ್ತದಲ್ಲಿ ಯೂರಿಕ್ ಆಸಿಡ್ ಏರುತ್ತೆ. ಆ ಮಾತ್ರೆ ಎರಡು ತಿಂಗಳಿಗೆ ನಿಂತ ಮೇಲೆ ನೋವು ಇಳಿಯುತ್ತೆ. ಹಾಗಂತ ಮೆಡಿಕಲ್ ಶಾಪ್‌ನಿಂದ ನೀವೇ ನೋವಿನ ಮಾತ್ರೆ ತಂದು ನುಂಗಬೇಡಿ, ಯಾವುದು ತಗೊಳ್ಳಬಹುದು ಅಂತ ಕೇಳಿ.

ಮೂರನೇದು, ಓಡು. ಇದನ್ನು ಗಮನ ಇಟ್ಟು ಕೇಳಿ. ಆ ದಿನವೇ ಆಸ್ಪತ್ರೆಗೆ ಹೋಗಬೇಕಾದವು ಇವು.

ಒಂದು, ಲಿವರ್. ನಾಲ್ಕರಲ್ಲಿ ಮೂರು ಔಷಧಿ ಲಿವರ್‌ಗೆ ತೊಂದರೆ ಕೊಡಬಲ್ಲವು. ಊಟ ಕಂಡರೇ ಆಗದೇ ಇರೋದು, ಬಿಡದೆ ವಾಂತಿ, ಬಲಗಡೆ ಪಕ್ಕೆ ಕೆಳಗೆ ನೋವು, ಕಣ್ಣಿನ ಬಿಳಿಭಾಗ ಹಳದಿ ಆಗೋದು. ಕಿತ್ತಳೆ ಮೂತ್ರಕ್ಕೂ ಕಾಮಾಲೆ ಮೂತ್ರಕ್ಕೂ ವ್ಯತ್ಯಾಸ ಹೇಗೆ? ರಿಫಾಂಪಿಸಿನ್ ಬಣ್ಣ ಮೊದಲ ದಿನದಿಂದಲೇ ಇರುತ್ತೆ, ನೀವು ಆರಾಮಾಗಿರ್ತೀರಿ. ಕಾಮಾಲೆಯದ್ದು ದಿನಗಳು ಕಳೆದ ಮೇಲೆ ಗಾಢವಾದ ಟೀ ಡಿಕಾಕ್ಷನ್ ಥರ ಆಗುತ್ತೆ, ಜೊತೆಗೆ ಊಟ ಸೇರಲ್ಲ, ಸುಸ್ತು ಹೊಡೆಯುತ್ತೆ. ಅನುಮಾನ ಬಂದರೆ ಬೆಳಗ್ಗೆ ಸೂರ್ಯನ ಬೆಳಕಲ್ಲಿ ಕನ್ನಡಿ ಮುಂದೆ ಕಣ್ಣು ನೋಡಿಕೊಳ್ಳಿ. ಇಂಥ ಲಕ್ಷಣ ಕಂಡರೆ ಮುಂದಿನ ಡೋಸ್ ನುಂಗೋ ಮುಂಚೆಯೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿ ಬೇಕಾದರೆ ಎಲ್ಲಾ ಔಷಧಿ ನಿಲ್ಲಿಸಿ, ಲಿವರ್ ಸರಿಹೋದ ಮೇಲೆ ಒಂದೊಂದಾಗಿ ಮತ್ತೆ ಶುರು ಮಾಡ್ತಾರೆ. ಅಂದರೆ ಅಡ್ಡಪರಿಣಾಮ ಬಂದರೂ ದಾರಿ ಮುಚ್ಚಿಹೋಗಲ್ಲ. ಇನ್ನು ವೀಕೆಂಡ್ ಎಣ್ಣೆ ಪಾರ್ಟಿ ಇದೆಯಲ್ಲ, ಈ ಆರು ತಿಂಗಳು ಪೂರ್ತಿ ಬಂದ್.

ಎರಡು, ಕಣ್ಣು. ಎಥಾಂಬ್ಯುಟಾಲ್ ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತೆ. ನೋಟ ಮಂಜಾಗುತ್ತೆ, ಕೆಂಪು ಹಸಿರು ಗುರುತಿಸೋದು ಕಷ್ಟ ಆಗುತ್ತೆ. ಬೇಗ ಹಿಡಿದು ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ನೋಟ ವಾಪಸ್ ಬರುತ್ತೆ, ತಡವಾದರೆ ಹೇಳೋಕಾಗಲ್ಲ. ನಾನು ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಮೊಬೈಲ್‌ನಲ್ಲಿ ಒಂದೇ ಪುಟ ಓದಿ ನೋಡ್ತಿದ್ದೆ, ಅದರಲ್ಲಿದ್ದ ಕೆಂಪು ಹಸಿರು ಬಣ್ಣ ನೋಡ್ತಿದ್ದೆ. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕಬಹುದು, ಅದಕ್ಕೆ.

ಮೂರು, ಮೈತುಂಬ ಗಂದೆ ಎದ್ದು ಮುಖ ಊದೋದು, ಉಸಿರಾಡೋಕೆ ಕಷ್ಟ, ಬಾಯಿ ಒಳಗೆ ಹುಣ್ಣು, ಚರ್ಮ ಸುಲಿಯೋದು. ಇದಕ್ಕೆ ಕಾಯೋ ಮಾತೇ ಇಲ್ಲ.

ಯಾರೂ ಕೇಳದ ಎರಡು ಪ್ರಶ್ನೆ

ಹುಡುಗಿಯರೇ, ಇದು ನಿಮಗೆ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದರೆ, ರಿಫಾಂಪಿಸಿನ್ ಅದರ ಬಲ ಕುಗ್ಗಿಸುತ್ತೆ. ಲಿವರ್ ಆ ಹಾರ್ಮೋನ್‌ಗಳನ್ನು ಬೇಗ ಬೇಗ ಕರಗಿಸಿಬಿಡುತ್ತೆ. ತುರ್ತು ಮಾತ್ರೆಗೂ ಇದೇ ಕಥೆ. ನಾನು ಮೊದಲು ತೋರಿಸಿದ ಖಾಸಗಿ ಕ್ಲಿನಿಕ್‌ನಲ್ಲಿ ಮದುವೆ ಆಗಿದೆಯಾ ಅಂತ ಕೇಳಿದರು, ಆಗಿಲ್ಲ ಅಂದೆ, ಅಲ್ಲಿಗೆ ಮಾತು ಮುಗೀತು. ಆಮೇಲೆ ಸಿಸ್ಟರ್ ಹತ್ತಿರ ನಾನೇ ಕೇಳಿ ತಿಳಿದುಕೊಂಡೆ. ನೀವೂ ಕೇಳಿ. ಕಾಂಡೋಮ್, ಕಾಪರ್ ಟಿ ಥರದ ಬೇರೆ ದಾರಿಗಳಿವೆ. ಹಾಗೇ ಶುಗರ್, ಥೈರಾಯ್ಡ್, ಫಿಟ್ಸ್, ರಕ್ತ ತೆಳು ಮಾಡೋ ಮಾತ್ರೆ, ಎಚ್‌ಐವಿ ಔಷಧಿ ಯಾವುದೇ ತಗೊಳ್ತಿದ್ದರೂ ಮೊದಲ ದಿನವೇ ಹೇಳಿ. ಅವುಗಳ ಡೋಸ್ ಬದಲಿಸಬೇಕಾಗಬಹುದು.

ಎರಡನೇದು ಮೀನು. ಕರಾವಳಿಯವರು ಕೇಳಿ. ಐಸೋನಿಯಾಜಿಡ್ ತಗೊಳ್ಳೋವಾಗ ಬಂಗುಡೆ, ಕೇದರದಂಥ ಮೀನು ತಿಂದರೆ, ಅದರಲ್ಲೂ ತಾಜಾ ಇಲ್ಲದೇ ಇದ್ದರೆ, ಕೆಲವರಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಢವಢವ ಅನ್ನುತ್ತೆ. ಮೀನಿನಲ್ಲಿರೋ ಹಿಸ್ಟಮಿನ್ ಕರಗಿಸೋ ಕೆಲಸಕ್ಕೆ ಈ ಔಷಧಿ ಅಡ್ಡ ಬರುತ್ತೆ. ಇದನ್ನು ಮಾತ್ರೆಯ ಅಲರ್ಜಿ ಅಂತ ತಪ್ಪು ತಿಳಿದು ಚಿಕಿತ್ಸೆ ಬಿಡೋ ಸಾಧ್ಯತೆ ಇದೆ. ಹಾಗಾದರೆ ಏನು ತಿಂದಿರಿ ಅಂತಲೂ ಡಾಕ್ಟರ್‌ಗೆ ಹೇಳಿ.

ಆರಾಮಾದಾಗಲೇ ಅಪಾಯ

ಅಡ್ಡಪರಿಣಾಮಕ್ಕಿಂತ ದೊಡ್ಡ ಮೋಸಗಾರ ಇನ್ನೊಂದಿದೆ. ಅದು ಆರಾಮ. ಎರಡನೇ ತಿಂಗಳ ಹೊತ್ತಿಗೆ ನನ್ನ ಕೆಮ್ಮು ನಿಂತಿತ್ತು, ತೂಕ ಏರಿತ್ತು. ಇನ್ನೂ ಯಾಕೆ ಈ ಮಾತ್ರೆ ಅಂತ ದಿನಾ ಅನ್ನಿಸ್ತಿತ್ತು. ಆದರೆ ವೇಗವಾಗಿ ಬೆಳೆಯೋ ಕ್ರಿಮಿ ಬೇಗ ಸಾಯುತ್ತೆ, ನಿದ್ದೆ ಹೋದ ಹಾಗೆ ಕೂತಿರೋ ಕ್ರಿಮಿ ಸಾಯೋಕೆ ತಿಂಗಳುಗಳೇ ಬೇಕು. ಉಳಿದ ನಾಲ್ಕು ತಿಂಗಳು ಅವುಗಳಿಗೆ. ಫೋನ್‌ನಲ್ಲಿ ಅಲಾರಂ ಇಡಿ. ಮರೆತರೆ ಅವತ್ತೇ ನೆನಪಾದಾಗ ತಗೊಳ್ಳಿ, ಮರುದಿನ ಡಬಲ್ ಬೇಡ.

ಇನ್ನು ತಟ್ಟೆ ಲೋಟ ಬೇರೆ ಇಡೋ ವಿಷಯ. ಟಿಬಿ ಗಾಳಿಯಿಂದ ಹರಡುತ್ತೆ, ತಟ್ಟೆಯಿಂದ ಅಲ್ಲ. 1950ರ ದಶಕದಲ್ಲಿ ಮದ್ರಾಸಿನಲ್ಲಿ ಒಂದು ದೊಡ್ಡ ಅಧ್ಯಯನ ನಡೆದು 1959ರಲ್ಲಿ ಪ್ರಕಟವಾಯಿತು. ಮನೆಯಲ್ಲೇ ಇದ್ದು ಮಾತ್ರೆ ತಗೊಂಡವರೂ ಸ್ಯಾನಿಟೋರಿಯಂ ಸೇರಿದವರಷ್ಟೇ ಚೆನ್ನಾಗಿ ಗುಣವಾದರು, ಮನೆಯವರಿಗೆ ಅದರಿಂದ ಹೆಚ್ಚು ಅಪಾಯವೂ ಆಗಲಿಲ್ಲ. ಮೊದಲ ವಾರಗಳಲ್ಲಿ ಮಾಸ್ಕ್, ಕಿಟಕಿ ತೆರೆದ ಕೋಣೆ, ಮನೆಯವರಿಗೆಲ್ಲ ಪರೀಕ್ಷೆ. ಇಷ್ಟು ಮಾಡಿ.

ಬಾಯಿ ಬಿಟ್ಟು ಹೇಳಿ

ಕೊನೆಗೆ ನಮ್ಮ ತುಮಕೂರಿನ ಒಂದು ವಿಷಯ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರಲ್ಲ ಅನ್ನೋದು ಆಗಿನ ನಂಬಿಕೆ. ಆದರೆ ಟಿಬಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿ ಬಂದಿದ್ದರು. ಕೇಳಿಸಿಕೊಳ್ಳಬೇಕಾದವರೇ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಹಾಗಾಗಿ ಒಂದು ಸಲ ಹೇಳಿ ಸುಮ್ಮನಾಗಬೇಡಿ. ಯಾವುದೇ ಹೊಸ ಮಾತ್ರೆ ಬರೆದುಕೊಟ್ಟರೂ ಮೂರು ಪ್ರಶ್ನೆ ಕೇಳಿ. ಇದರಿಂದ ಸಾಮಾನ್ಯವಾಗಿ ಏನಾಗುತ್ತೆ? ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ತೊಂದರೆ ಆದರೆ ಯಾರಿಗೆ ಫೋನ್ ಮಾಡಲಿ? ಉತ್ತರವನ್ನು ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ.

ಟಿಬಿ ಬಗ್ಗೆ ಏನೇ ಕೇಳಬೇಕಿದ್ದರೂ ನಿಕ್ಷಯ್ ಸಹಾಯವಾಣಿ 1800 11 6666, ಉಚಿತ. ಯಾವುದೇ ಔಷಧಿಯ ಅಡ್ಡಪರಿಣಾಮ ವರದಿ ಮಾಡೋಕೆ 1800 180 3024, ರೋಗಿಗಳೇ ಮಾಡಬಹುದು. ಚಿಕಿತ್ಸೆ ನಡೆಯೋವಾಗ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ನಿಮ್ಮ ಖಾತೆಗೆ ಬರಬೇಕು. 2024ರ ನವೆಂಬರ್‌ಗೆ ಮುಂಚೆ ಅದು 500 ಇತ್ತು. ಬರದಿದ್ದರೆ ಅದನ್ನೂ ಕೇಳಿ.

ಎರಡು ವಾರ ದಾಟಿದ ಕೆಮ್ಮು ಇರೋ ಸ್ನೇಹಿತರು ಯಾರಾದರೂ ಇದ್ದರೆ ಈ ಸಂಚಿಕೆ ಅವರಿಗೆ ಕಳಿಸಿ, ಕಫ ಪರೀಕ್ಷೆಗೆ ಜೊತೆಗೇ ಕರಕೊಂಡು ಹೋಗಿ. ಮುಂದಿನ ವಾರ ಸಿಗೋಣ.