ಟೀಮ್ ಲೀಡರ್ ಓದೋದು ಯಾವಾಗ?

(ಯಾವಗಲ್ಲಿನಲ್ಲಿ ಆಡಿದ ಮಾತು)

ದಿನಾ ರಾತ್ರಿ ಟಿವಿಯೊಳಗೆ ಕೂತು ಜೋರು ದನಿ ತೆಗೆಯೋನು ಇವತ್ತು ನಿಮ್ಮೆದುರಿಗೇ ನಿಂತಿದ್ದೀನಿ. ಇಲ್ಲಿ ಬ್ರೇಕ್ ಇಲ್ಲ, ಜಾಹೀರಾತೂ ಇಲ್ಲ. ಒಂದೇ ವಿಷಯ ಹಿಡಿದು ಮಾತಾಡ್ತೀನಿ.

ಬೆಳಿಗ್ಗೆ ಒಬ್ಬ ಹುಡುಗ ಬಂದು ಕೇಳಿದ. "ಸರ, ನಾ ಬೆಂಗಳೂರಾಗ ಗೋದಾಮಿನ್ಯಾಗ ಟೀಮ್ ಲೀಡರ್ ಅದೀನ್ರಿ. ಪಿಯುಸಿ ಆಗೇತಿ. ಮುಂದಿನ ಪ್ರಮೋಷನ್‌ಗೆ ಡಿಗ್ರಿ ಬೇಕಂತಾರ. ಕೆಲಸಾ ಬಿಟ್ಟು ಓದ್ಲ್ಯೋ, ಓದೂ ಆಸೇನ ಬಿಡ್ಲ್ಯೋ?" ಅವನ ಹೆಸರು ಹೇಳಲ್ಲ. ರೋಣ, ನರಗುಂದ, ಗಜೇಂದ್ರಗಡದ ಯಾವ ಊರಿಗೆ ಹೋದ್ರೂ ಇಂಥವನೊಬ್ಬ ಸಿಗ್ತಾನೆ. ಇಂಥವಳೂ ಸಿಗ್ತಾಳೆ.

ಟೀಮ್ ಲೀಡರ್ ಅಂದ್ರೆ ಯಾರು ಅಂತ ಹಿರಿಯರು ಕೇಳಬಹುದು. ನಿಮಗೆ ಗೊತ್ತಿರೋ ಕೆಲಸಾನೇ ಅದು. ಎರಿ ಹೊಲದಲ್ಲಿ ಹೆಸರುಕಾಯಿ ಬಿಡಿಸೋ ಹೊತ್ತಿಗೆ ಟಂಟಂನಲ್ಲಿ ಇಪ್ಪತ್ತು ಹೆಣ್ಣಾಳು ಕರ್ಕೊಂಡು ಬರ್ತಾಳಲ್ಲ ಒಬ್ಬ ಅಕ್ಕ? ಯಾರ ಕೈ ಚುರುಕು, ಯಾರಿಗೆ ಬೆನ್ನುನೋವು, ಯಾರನ್ನ ಯಾರ ಪಕ್ಕದ ಸಾಲಿಗೆ ಬಿಟ್ರೆ ಜಗಳ ಆಗ್ತದೆ, ಸಂಜೆ ಕೂಲಿ ಬಟವಾಡೆ ಹೆಂಗೆ, ಎಲ್ಲಾ ಅವಳ ತಲೆಯಲ್ಲಿರ್ತದೆ. ನಮ್ಮ ಹುಡುಗ ಬೆಂಗಳೂರಿನ ಗೋದಾಮಿನಲ್ಲಿ ಮಾಡೋದೂ ಅದೇ. ಹೊಲದ ಬದಲು ರ‍್ಯಾಕು, ಸಾಲಿನ ಬದಲು ಶಿಫ್ಟು. ಮೇಲೆ ಇಂಗ್ಲಿಷಿನಲ್ಲಿ ಬರೋ ಮೇಲ್‌ಗೆ ಉತ್ತರ ಬೇರೆ ಬರೀಬೇಕು. ಜನ ಬರದಿದ್ರೆ ಬೈಸ್ಕೊಳ್ಳೋನು ಇವನು, ಟಾರ್ಗೆಟ್ ಮುಟ್ಟಿದ್ರೆ ಶಭಾಷ್ ಅನ್ನಿಸ್ಕೊಳ್ಳೋನು ಮ್ಯಾನೇಜರ್.

ಆಮೇಲೆ ಒಂದು ದಿನ ಬಿಬಿಎ ಮುಗಿಸಿದ ಹೊಸಬನೊಬ್ಬ ಸೀದಾ ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಬರ್ತಾನೆ. ಅವನಿಗೆ ಮೂರು ತಿಂಗಳು ಕೆಲಸ ಕಲಿಸೋರು ಯಾರು? ಇವನೇ! ಕಲಿಸಿದವನು ಕೆಳಗೆ, ಕಲಿತವನು ಮೇಲೆ. ಯಾಕೆ ಅಂದ್ರೆ ಒಂದು ಕಾಗದ ಇಲ್ಲ.

ಹಾಗಾದ್ರೆ ದಾರಿ ಇಲ್ವಾ? ಇದೆ ಅಂತ ಸರ್ಕಾರ ಹೇಳ್ತದೆ. ಕೆಲಸದ ಜಾಗದಲ್ಲಿ ತರಬೇತಿ ಪಡೀತಾನೇ ಪದವಿ ಮುಗಿಸೋ ವ್ಯವಸ್ಥೆಗೆ ಯುಜಿಸಿ 2020ರಲ್ಲಿ ಮಾರ್ಗಸೂಚಿ ತಂತು. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲಿ, 2021ರ ಮಾರ್ಚ್ ಒಳಗೆ ಸುಮಾರು 150 ಸಂಸ್ಥೆಗಳಲ್ಲಿ ಇಂಥ ಕೋರ್ಸು ಶುರು ಆಗ್ತದೆ ಅಂತ ನಿರ್ಮಲಾ ಸೀತಾರಾಮನ್ ಹೇಳಿದ್ರು. ಕರ್ನಾಟಕದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಬಂದಿದೆ. ಒಳ್ಳೇದು. ಪಿಯುಸಿ ಮುಗಿಸಿದ ಹುಡುಗ-ಹುಡುಗಿಯರಿಗೆ ಇದು ನಿಜವಾಗ್ಲೂ ಒಳ್ಳೇದು. ಸುಮ್ನೆ ಮೂರು ವರ್ಷ ನೋಟ್ಸ್ ಬರೆಯೋದಕ್ಕಿಂತ ಸಾವಿರ ಪಾಲು ವಾಸಿ.

ಆದ್ರೆ ನಮ್ಮ ಟೀಮ್ ಲೀಡರ್‌ಗೆ? ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮ ಅಪ್ರೆಂಟಿಸ್ ಕಾಯ್ದೆ 1961ರದು. ಅದರ 18ನೇ ಕಲಂ ಏನು ಹೇಳ್ತದೆ ಗೊತ್ತಾ? ಅಪ್ರೆಂಟಿಸ್ ಅಂದ್ರೆ ತರಬೇತಿ ಪಡೆಯೋನು, ಕಾರ್ಮಿಕ ಅಲ್ಲ. ಕಾರ್ಮಿಕ ಕಾನೂನು ಅವನಿಗೆ ಅನ್ವಯಿಸಲ್ಲ. ಆರೋಗ್ಯ, ಸುರಕ್ಷತೆ, ಕೆಲಸದಲ್ಲಿ ಪೆಟ್ಟಾದ್ರೆ ಪರಿಹಾರ, ಇಷ್ಟಕ್ಕೆ ಮಾತ್ರ ಬೇರೆ ಕಲಂಗಳಿವೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಅಂದ್ರೆ ಒಬ್ಬ ಮನುಷ್ಯ ಒಂದೇ ಗೋದಾಮಿನಲ್ಲಿ ಕಾರ್ಮಿಕನೂ ಅಪ್ರೆಂಟಿಸೂ ಎರಡೂ ಆಗೋ ಹಾಗಿಲ್ಲ. ಪದವಿ ಬೇಕಾ? ರಾಜೀನಾಮೆ ಕೊಡು, ಕೆಳಗಿಳಿ, ಮೊದಲಿಂದ ಶುರು ಮಾಡು.

ಲೆಕ್ಕ ಹಾಕೋಣ. 2019ರ ನಿಯಮದಲ್ಲಿ ಪದವಿ ಮಟ್ಟದ ಅಪ್ರೆಂಟಿಸ್‌ಗೆ ಗೊತ್ತು ಮಾಡಿದ ಕನಿಷ್ಠ ಭತ್ಯೆ ತಿಂಗಳಿಗೆ 9,000 ರೂಪಾಯಿ. ಈಗ ಇಪ್ಪತ್ತೆರಡು ಸಾವಿರ ಎಣಿಸ್ತಿದ್ದಾನೆ, ಎಂಟು ಸಾವಿರ ಊರಿಗೆ ಕಳಿಸ್ತಿದ್ದಾನೆ ಅಂತ ಇಟ್ಕೊಳ್ಳಿ. ಅಪ್ಪನ ಹೊಲ ಮಳೆ ನಂಬಿದ್ದು. ಕಡಲೆಗೆ ಗೊಬ್ಬರ, ತಂಗಿಯ ಕಾಲೇಜು, ಸೊಸೈಟಿ ಸಾಲದ ಕಂತು, ಎಲ್ಲಾ ಆ ಎಂಟು ಸಾವಿರದ ಮೇಲೆ ನಿಂತಿದೆ. ಅವನಿಗೆ ಹೋಗಿ ಒಂಬತ್ತು ಸಾವಿರಕ್ಕೆ ಇಳಿ ಅಂದ್ರೆ? ಪಿ.ಜಿ. ಬಾಡಿಗೆ ಕಟ್ಟಿ ಊಟ ಮಾಡೋಷ್ಟರಲ್ಲೇ ಅದು ಮುಗೀತು. ಊರಿಗೆ ಕಳಿಸೋದೇನು, ಊರಿಂದಲೇ ತರಿಸ್ಕೋಬೇಕು.

ಇಂಗ್ಲೆಂಡಿನವರು ಇದನ್ನ ಬೇರೆ ಥರ ಮಾಡಿದ್ರು. ಅಲ್ಲಿ 2015ರಲ್ಲಿ ಪದವಿ ಅಪ್ರೆಂಟಿಸ್‌ಶಿಪ್ ಬಂತು. ಅಲ್ಲಿ ಅಪ್ರೆಂಟಿಸ್ ಅಂದ್ರೆ ಪಗಾರದ ನೌಕರ. ಈಗಾಗಲೇ ಕೆಲಸದಲ್ಲಿರೋನೂ ಸೇರಬಹುದು. ಟೀಮ್ ಲೀಡರ್ ಆಗಿದ್ದುಕೊಂಡೇ ಮ್ಯಾನೇಜ್‌ಮೆಂಟ್ ಪದವಿ ಮಾಡೋಕೆ ಪ್ರತ್ಯೇಕ ಕೋರ್ಸೇ ಇದೆ. ಶುರುವಿನಲ್ಲಿದ್ದ ನಿಯಮ ನನಗೆ ಬಹಳ ಹಿಡಿಸ್ತು: ಕೆಲಸದ ಹೊತ್ತಿನ ಐದರಲ್ಲೊಂದು ಪಾಲು ಕಲಿಕೆಗೆ, ಅದೂ ಪಗಾರ ಕೊಟ್ಟೇ. ವಾರಕ್ಕೆ ಒಂದು ದಿನ ಅಂದ ಹಾಗಾಯ್ತು. ಫೀ ಹುಡುಗನ ಜೇಬಿನಿಂದ ಅಲ್ಲ. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಪಗಾರ ಹಂಚೋ ಕಂಪನಿಗಳ ಮೇಲೆ 2017ರ ಏಪ್ರಿಲ್‌ನಿಂದ ಅರ್ಧ ಪರ್ಸೆಂಟ್ ತೆರಿಗೆ ಹಾಕಿ ಆ ದುಡ್ಡನ್ನ ಇದಕ್ಕೆ ಬಳಸಿದ್ರು.

ಅಲ್ಲೂ ಎಲ್ಲಾ ಚಿನ್ನ ಅಲ್ಲ. ಕಂಪನಿಗಳು ಆ ದುಡ್ಡಿನಲ್ಲಿ ಶಾಲೆ ಮುಗಿಸಿದ ಮಕ್ಕಳನ್ನ ಬಿಟ್ಟು, ಆಗಲೇ ಮೇಲಿರೋ ಮ್ಯಾನೇಜರ್‌ಗಳನ್ನೇ ಓದಿಸ್ತಿವೆ ಅಂತ ದೊಡ್ಡ ಗಲಾಟೆ ಆಯ್ತು. ದುಡ್ಡಿದ್ದ ಕಡೆ ಜಾಣರು ಇದ್ದೇ ಇರ್ತಾರೆ ಸ್ವಾಮಿ!

ಇದು ಪರದೇಶದ ಕತೆ, ನಮ್ಮಲ್ಲಿ ಆಗಲ್ಲ ಅಂತೀರಾ? ಬೆಂಗಳೂರಿನ ವಿಪ್ರೊ 1990ರ ದಶಕದಲ್ಲೇ ಬಿಎಸ್ಸಿ ಮುಗಿಸಿದವರನ್ನ ಕೆಲಸಕ್ಕೆ ತಗೊಂಡು, ಪಿಲಾನಿಯ ಬಿಟ್ಸ್ ಜೊತೆ ಸೇರಿ, ಕೆಲಸ ಮಾಡಿಸ್ತಾನೇ ಮುಂದಿನ ಪದವಿ ಓದಿಸೋಕೆ ಶುರು ಮಾಡಿತ್ತು. ಸಾಫ್ಟ್‌ವೇರ್‌ನವನಿಗೆ ಆಗೋದು ಗೋದಾಮಿನವನಿಗೆ, ಕಾಲ್ ಸೆಂಟರಿನ ಹುಡುಗಿಗೆ, ಗಾರ್ಮೆಂಟ್ಸಿನ ಸೂಪರ್‌ವೈಸರ್ ಅಕ್ಕನಿಗೆ ಯಾಕೆ ಆಗಬಾರದು?

ಕಾಗದದ ಮೇಲೆ ಅದಕ್ಕೂ ಜಾಗ ಇದೆ. 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಅಂತ ತಂದ್ರು. ವರ್ಷಕ್ಕೆ 1,200 ಗಂಟೆ ಕಲಿತರೆ 40 ಕ್ರೆಡಿಟ್. ಕೆಲಸದ ಅನುಭವಕ್ಕೂ ಕ್ರೆಡಿಟ್ ಕೊಡಬಹುದು ಅಂತ ಅದರಲ್ಲೇ ಬರೆದಿದೆ. ನಾಲ್ಕು ವರ್ಷ ಜನರನ್ನ ನಿಭಾಯಿಸಿದವನಿಗೆ 'ಮಾನವ ಸಂಪನ್ಮೂಲ ನಿರ್ವಹಣೆ' ಅನ್ನೋ ಪೇಪರಿನಲ್ಲಿ ಒಂದು ಪಾಲಾದ್ರೂ ಮಾಫಿ ಸಿಗಬೇಕಲ್ವಾ? ನಮ್ಮ ವಿಶ್ವವಿದ್ಯಾಲಯಗಳು ಇದನ್ನ ಟೀಮ್ ಲೀಡರ್‌ಗೆ ಕೊಟ್ಟು ತೋರಿಸಲಿ. ಕಾರ್ಮಿಕನಾಗಿದ್ದೇ ಅಪ್ರೆಂಟಿಸ್ ಆಗೋ ಹಾಗೆ ಕಾಯ್ದೆಗೆ ತಿದ್ದುಪಡಿ ಬರಲಿ. ಮತ ಕೇಳೋಕೆ ಬಂದವರನ್ನ ಇದೊಂದು ಕೇಳಿ.

ಅಲ್ಲಿವರೆಗೆ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ತಮ್ಮಾ, ಕೆಲಸ ಬಿಡಬೇಡ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ಇಗ್ನೋ ಇದೆ, ಬೆಂಗಳೂರಿನಲ್ಲಿ ಸಂಜೆ ಕಾಲೇಜುಗಳಿವೆ. ದುಡ್ಡು ಕಟ್ಟೋ ಮೊದಲು ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಈ ವರ್ಷಕ್ಕೆ ಇದೆಯಾ ಅಂತ ಯುಜಿಸಿ ವೆಬ್‌ಸೈಟಿನಲ್ಲೇ ನೋಡು, ಏಜೆಂಟನ ಮಾತು ಕೇಳಬೇಡ. ಪರೀಕ್ಷೆ ತಿಂಗಳಲ್ಲಿ ನೈಟ್ ಶಿಫ್ಟ್ ಹಾಕಬೇಡಿ ಅಂತ ಕಂಪನಿಗೆ ಈಗಲೇ ಮೇಲ್ ಬರಿ, ಬಾಯಲ್ಲಿ ಹೇಳಿದ್ದು ರೋಸ್ಟರಿಗೆ ಬರಲ್ಲ. ಡಿಗ್ರಿ ಮುಗಿದ್ರೆ ಯಾವ ಹುದ್ದೆಗೆ ಪರಿಗಣಿಸ್ತೀರಿ ಅಂತಲೂ ಅದೇ ಮೇಲ್‌ನಲ್ಲಿ ಕೇಳು. ಮತ್ತೆ ತಂಗಿ ಅಪ್ರೆಂಟಿಸ್ ಡಿಗ್ರಿಗೆ ಸೇರ್ತಾಳೆ ಅಂದಿಯಲ್ಲ, ಅವಳ ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ, ಭತ್ಯೆ ಅವಳದೇ ಬ್ಯಾಂಕ್ ಖಾತೆಗೆ ಬರ್ತದಾ ನೋಡ್ಕೊ. ತರಬೇತಿ ಮುಗಿದ ಮೇಲೆ ಕೆಲಸ ಕೊಡ್ತೀವಿ ಅಂತ ಒಪ್ಪಂದದಲ್ಲಿ ಬರೆದಿರದಿದ್ದರೆ ಕೊಡಲೇಬೇಕು ಅಂತೇನಿಲ್ಲ, ಅದನ್ನ ಓದಿಯೇ ಸಹಿ ಹಾಕಲಿ.