ಒಂದೇ ಹೂವು, ಹಲವು ಬಣ್ಣ: ಕನಕಾಂಬರದ ತಳಿಗಳನ್ನು ಹೋಲಿಸುವ ಬಗೆ



ದಿಲ್ಲಿ ಕನಕಾಂಬರದ ಗಿಡ ಎಷ್ಟೇ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಅದನ್ನು ಬೆಳೆಸಬೇಕು. ಅದೇ ಕಿತ್ತಳೆ ಬಣ್ಣದ ಸಾಮಾನ್ಯ ಕನಕಾಂಬರದ ಒಣ ಕಾಯಿಗೆ ಮಳೆಹನಿ ತಾಗಿದರೆ ಸಾಕು, ಚಟ್ಟನೆ ಸಿಡಿದು ಬೀಜ ಚೆಲ್ಲುತ್ತದೆ. ದಂಡೆಯಲ್ಲಿ ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ. ಒಳಗಿನ ಲೆಕ್ಕ ಮಾತ್ರ ಬೇರೆ.

ಸಾಮಾನ್ಯ ಕಿತ್ತಳೆ ತಳಿಯ ಜೀವಕೋಶದಲ್ಲಿ 40 ವರ್ಣತಂತುಗಳಿವೆ, ಅಂದರೆ ಹತ್ತರಂತೆ ನಾಲ್ಕು ಕಟ್ಟು. ದಿಲ್ಲಿ ತಳಿಯಲ್ಲಿ 30, ಮೂರೇ ಕಟ್ಟು. ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ವರ್ಣತಂತುಗಳು ಜೋಡಿಯಾಗಿ ಸಮನಾಗಿ ಬೇರ್ಪಡಬೇಕು. ಮೂರನೆಯ ಕಟ್ಟಿಗೆ ಜೋಡಿಯಿಲ್ಲ. ಹಂಚಿಕೆ ಕೆಡುತ್ತದೆ, ಗಿಡ ಬಂಜೆಯಾಗುತ್ತದೆ. ಬೀಜಕ್ಕೆ ಖರ್ಚಾಗಬೇಕಿದ್ದ ಸಾರ ಉಳಿಯುವುದು ಬೆಳೆಗಾರನಿಗೆ ಲಾಭ, ಕಡ್ಡಿಯಿಂದ ಬಂದ ಗಿಡಗಳೆಲ್ಲ ಏಕರೂಪವಾಗಿರುವುದೂ ಲಾಭವೇ. ಆದರೆ ಆ ಏಕರೂಪವೇ ನನಗೆ ಆತಂಕ ತರುವುದು: ಸೊರಗು ರೋಗಕ್ಕೋ ಬೇರಿನ ಜಂತುಹುಳುವಿಗೋ ಒಂದು ಗಿಡ ಸೋತರೆ ಉಳಿದವೂ ಅಷ್ಟೇ ಸುಲಭವಾಗಿ ಸೋಲುತ್ತವೆ.

ತಳಿಗಳನ್ನು ಹೋಲಿಸಲು ಮೊದಲು ಕನಕಾಂಬರದ ಒಂದು ತೆನೆ ಕೈಗೆತ್ತಿಕೊಳ್ಳಿ. ಒಂದರ ಮೇಲೊಂದು ಹೊದಿಸಿದ ಹಸಿರು ಎಸಳುಗಳ ಸಂದಿಯಿಂದ ಮೊಗ್ಗು ಇಣುಕುತ್ತದೆ; ಕೆಳಗಿನದು ಮೊದಲು ಅರಳುತ್ತದೆ. ಬುಡ ಸಣ್ಣ ಕೊಳವೆ, ತುದಿ ಒಂದೇ ಕಡೆಗೆ ಬಿಚ್ಚಿದ ಐದು ಸೀಳಿನ ದಳ. ತೆನೆಯ ಉದ್ದ, ತೆನೆಗೆಷ್ಟು ಹೂ, ಕೊಳವೆಯ ಉದ್ದ, ದಳದ ಅಗಲ, ಕಾಯಿ ಕಟ್ಟಿತೋ ಇಲ್ಲವೋ: ಬಣ್ಣಕ್ಕಿಂತ ಮೊದಲು ಬರೆದಿಡಬೇಕಾದವು ಇವು.

ಏಕೆಂದರೆ ಬಣ್ಣ ಮೋಸ ಮಾಡುತ್ತದೆ. ಬೆಟ್ಟದಾವರೆ ಎಂಬ ಬೇರೊಂದು ಹೂವನ್ನೇ ನೋಡಿ: ಬೆಳಿಗ್ಗೆ ಬಿಳಿ, ಸಂಜೆಗೆ ಗುಲಾಬಿ. ಹೂವೂ ಅದೇ, ವಂಶವಾಹಿಯೂ ಅದೇ. ಹೊತ್ತು ಏರಿದಂತೆ ದಳದಲ್ಲಿ ಆಂಥೋಸಯನಿನ್ ಎಂಬ ಕೆಂಬಣ್ಣದ ದ್ರವ್ಯ ಕೂಡಿಕೊಳ್ಳುತ್ತದೆ. ಅದು ಎಷ್ಟು ಬೇಗ ಕೂಡುತ್ತದೆ ಎಂಬುದಕ್ಕೆ ತಾಪಮಾನದ ಕೈವಾಡವೂ ಇದೆ.

ಹೀಗಿರುವಾಗ ಸೂಳೆಕೆರೆಯ ನೀರು ಹರಿಯುವ ಚನ್ನಗಿರಿಯ ಕನಕಾಂಬರವನ್ನು ಮಳೆ ಕಡಿಮೆಯ ಜಗಳೂರಿನ ಕನಕಾಂಬರದ ಪಕ್ಕ ಇಟ್ಟು, ಇದು ಬೇರೆ ತಳಿ ಎಂದು ತೀರ್ಪು ಕೊಡುವುದು ತಪ್ಪು. ನಮ್ಮ ದಾವಣಗೆರೆ ಜಿಲ್ಲೆಯ ನೆಲದ ಈ ವೈವಿಧ್ಯವನ್ನೇ ಪರೀಕ್ಷೆಗೆ ಬಳಸಿಕೊಳ್ಳೋಣ. ದಿಲ್ಲಿ ಕನಕಾಂಬರದ ಒಂದೇ ತಾಯಿಗಿಡದ ಕಡ್ಡಿಗಳನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ನೆಡಿ. ಅಲ್ಲಿ ಕಾಣುವ ವ್ಯತ್ಯಾಸ ಮಣ್ಣು, ನೀರು, ಬಿಸಿಲು, ಆರೈಕೆಯದು. ಇನ್ನೊಂದೆಡೆ ಕಿತ್ತಳೆ, ಹಳದಿ, ಕೆಂಪು, ದಿಲ್ಲಿ ತಳಿಗಳನ್ನೆಲ್ಲ ಒಂದೇ ತಾಕಿನಲ್ಲಿ ಬೆಳೆಸಿ. ಅಲ್ಲಿ ಉಳಿಯುವ ವ್ಯತ್ಯಾಸ ಬಹುಪಾಲು ವಂಶದ್ದು.

ಬೀಜದಿಂದ ಬೆಳೆಸುವ ತಳಿಗಳಲ್ಲಿ ಇನ್ನೊಂದು ತೊಡಕಿದೆ. ಮೆಂಡೆಲ್ ಬಟಾಣಿಯಲ್ಲಿ ಕಂಡಂತೆ ಅಡಗಿದ ಗುಣ ನಾಲ್ಕರಲ್ಲಿ ಒಂದು ಸಸಿಯಲ್ಲಿ ಹೊರಬರುತ್ತದೆ. ನಾಲ್ಕು ಕಟ್ಟು ವರ್ಣತಂತುಗಳಿರುವ ಗಿಡದಲ್ಲಿ ಎರಡು ಪ್ರತಿ ಪ್ರಬಲ, ಎರಡು ಪ್ರತಿ ಅಡಗಿದ್ದು ಎಂದಿಟ್ಟುಕೊಳ್ಳಿ. ಸ್ವಪರಾಗಸ್ಪರ್ಶದಿಂದ ಹುಟ್ಟುವ 36 ಸಸಿಗಳಲ್ಲಿ ಸುಮಾರು ಒಂದರಲ್ಲಿ ಮಾತ್ರ ಅದು ಕಾಣುತ್ತದೆ. ಹಿತ್ತಲಿನ ಹತ್ತು ಸಸಿ ನೋಡಿ ಈ ಬಣ್ಣ ತಳಿಯಲ್ಲಿಲ್ಲ ಎಂದು ಬರೆಯಲಾಗದು. ನೂರಾರು ಸಸಿ ಬೇಕು, ಅವು ಹೂ ಬಿಡುವ ತನಕ ಜಾಗ ಬೇಕು. ಚನ್ನಗಿರಿ ತಾಲ್ಲೂಕಿನಲ್ಲೇ ಇರುವ ಕತ್ತಲಗೆರೆಯ ಸಂಶೋಧನಾ ಕೇಂದ್ರದಂಥ ಕಡೆ ಒಂದು ತಾಕು ಇದಕ್ಕೆ ಮೀಸಲಾಗಲಿ. ಹೂ ಕಟ್ಟುವ ಹೆಣ್ಣುಮಕ್ಕಳು ತಮಗೆ ಗೊತ್ತಿರುವ ಹಳೆಯ ಗಿಡಗಳ ಬೀಜವನ್ನು, ಊರು ಮತ್ತು ಬಣ್ಣ ಬರೆದು, ಅಲ್ಲಿಗೆ ಕೊಡಲಿ.