ಡ್ರೈಯರಿನೊಳಗಿನ ಶಾಯಿ ಕಲೆ

ನಮ್ಮ ಕಾಸರಗೋಡಿನ ಕಡೆ ಜೂನ್ ತಿಂಗಳು ಬಂತೆಂದರೆ ಶಾಲೆ ಮತ್ತು ಮಳೆ ಒಟ್ಟೊಟ್ಟಿಗೆ ಶುರುವಾಗುತ್ತವೆ. ಮಕ್ಕಳ ಕಿಸೆಯಲ್ಲಿ ಪೆನ್ನು ಇರುತ್ತದೆ, ಆಕಾಶದಲ್ಲಿ ಬಿಸಿಲು ಇರುವುದಿಲ್ಲ. ಜಗಲಿಯ ಹಗ್ಗದಲ್ಲಿ ಮೂರು ದಿನ ನೇತುಹಾಕಿದರೂ ಚಂಡಿ ಬಟ್ಟೆಯ ಮುಗ್ಗಲು ವಾಸನೆ ಹೋಗದು. ಹಾಗಾಗಿ ವಾಷಿಂಗ್ ಮೆಷಿನ್ನಿನ ಡ್ರೈಯರ್ ಈಗ ಹಳ್ಳಿಮನೆಗೂ ಬೇಕಾದ ವಸ್ತು. ಆ ಡ್ರೈಯರಿನೊಳಗೆ ಪೆನ್ನು ಒಡೆದರೆ ಏನು ಮಾಡಬೇಕು? ಇದೇ ಇವತ್ತಿನ ನನ್ನ ವಿಷಯ.

ನಾನು ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಯಂತ್ರಶಾಸ್ತ್ರ ಓದಿದವನಲ್ಲ. ಆದರೆ ಶಾಯಿಯೊಂದಿಗೆ ಒಡನಾಟ ಸಾಕಷ್ಟು ಇದೆ. ಲೆಡ್ಜರ್ ಬರೆಯುತ್ತಿದ್ದ ಫೌಂಟನ್ ಪೆನ್ನಿನ ಶಾಯಿ ನೀರಿನದು. ಒದ್ದೆ ಬೆರಳು ತಾಗಿದರೆ ಸಾಕು, ಅಂಕೆಯೇ ಹರಡಿಹೋಗುತ್ತಿತ್ತು. ಬಾಲ್‌ಪೆನ್ನಿನದು ಹಾಗಲ್ಲ. ಹಂಗೇರಿಯ ಪತ್ರಕರ್ತ ಲಾಸ್ಲೋ ಬಿರೋ 1938ರಲ್ಲಿ ಪೇಟೆಂಟ್ ಪಡೆದ ಈ ಪೆನ್ನಿನಲ್ಲಿ ಇರುವುದು ಎಣ್ಣೆಯಂತೆ ದಪ್ಪಗಿನ ಶಾಯಿ. ಅದು ನೀರಿಗೆ ಬಗ್ಗುವುದಿಲ್ಲ, ಸ್ಪಿರಿಟ್ಟಿಗೆ ಬಗ್ಗುತ್ತದೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಮತದಾನದ ಶಾಯಿಯದು ಮತ್ತೊಂದು ಜಾತಿ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಸ್ಪಿರಿಟ್ಟಿಗೂ ಹೋಗದು. 2016ರ ನವೆಂಬರಿನಲ್ಲಿ ನೋಟು ಬದಲಿಸಲು ಬಂದವರ ಬೆರಳಿಗೂ ಅಳಿಸದ ಶಾಯಿ ಹಾಕಬೇಕೆಂದು ಬ್ಯಾಂಕುಗಳಿಗೆ ಆದೇಶ ಬಂದದ್ದು ನಿಮಗೆ ನೆನಪಿರಬಹುದು. ನಾವು ಶಾಯಿ ಎಂದರೂ ಸರಿ, ಮಲಯಾಳದಲ್ಲಿ ಮಷಿ ಎಂದರೂ ಸರಿ, ಯಾವ ಶಾಯಿ ಎಂದು ತಿಳಿದ ಮೇಲೆಯೇ ಒರಸಲು ಹೊರಡಬೇಕು.

ನಮ್ಮ ನೆರೆಮನೆಯ ಹೆಂಗಸು ಬೀಡಿ ಕಟ್ಟಿದ ದುಡ್ಡಿನಲ್ಲಿ ಕಂತಿನ ಮೇಲೆ ಮೆಷಿನ್ ತಂದವರು. ಮಗನ ಬಿಳಿ ಯೂನಿಫಾರ್ಮಿನ ಕಿಸೆಯಲ್ಲಿ ಬಾಲ್‌ಪೆನ್ನು ಉಳಿದು, ಡ್ರೈಯರಿನಲ್ಲಿ ಒಡೆದು, ತೊಟ್ಟಿಯೆಲ್ಲ ನೀಲಿಯಾಯಿತು. ರಿಪೇರಿಯವನು ಬಂದು ನೋಡಿ, ತೊಟ್ಟಿಯನ್ನೇ ಬದಲಿಸಬೇಕು ಎಂದು ಹೇಳಿಹೋದ. ಕಂತು ತೀರುವ ಮೊದಲೇ ಹೊಸ ಖರ್ಚು! ಇನ್ನೊಂದು ಅಂಗಿಯನ್ನು ಅದರೊಳಗೆ ಹಾಕಲು ಅವರಿಗೆ ಧೈರ್ಯವಿರಲಿಲ್ಲ. ಹುಡುಗನಿಗೆ ಇದ್ದದ್ದೇ ಎರಡು ಜೊತೆ.

ಮೊದಲು ಪ್ಲಗ್ಗನ್ನೇ ಕೀಳಿಸಿದೆ. ಸ್ವಿಚ್ ಆರಿಸಿದರೆ ಸಾಲದು. ಆಮೇಲೆ ಪೆನ್ನಿನ ಚೂರು, ಸ್ಪ್ರಿಂಗು, ರೀಫಿಲ್ ಎಲ್ಲವನ್ನೂ ಹುಡುಕಿದೆವು. ರೀಫಿಲ್ ಒಳಗೆ ಉಳಿದರೆ ಎಷ್ಟು ಒರಸಿಯೂ ಪ್ರಯೋಜನವಿಲ್ಲ. ಈ ತೊಟ್ಟಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಶಾಯಿ ಗೋಡೆಗೆ ಎರಚಿ ತೂತುಗಳೊಳಗೆ ಸೇರಿಕೊಳ್ಳುತ್ತದೆ. ಬಟ್ಟೆಯ ಮೇಲೆ ಇಡುವ ಪ್ಲಾಸ್ಟಿಕ್ ತಟ್ಟೆಯ ಅಡಿಭಾಗವನ್ನು ನೋಡಲು ಜನ ಮರೆಯುತ್ತಾರೆ, ಅಲ್ಲಿಯೂ ಶಾಯಿ ಇರುತ್ತದೆ.

ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಒಳ್ಳೆಯದು. 2020ರ ಕೊರೋನಾ ಕಾಲದಲ್ಲಿ ತಂದ ನೀರಿನಂತಹ ಸ್ಯಾನಿಟೈಸರ್ ಮೂಲೆಯಲ್ಲಿ ಉಳಿದಿದ್ದರೆ ಅದೂ ಆದೀತು. ಎರಡೂ ಬೆಂಕಿ ಹಿಡಿಯುವ ವಸ್ತುಗಳು. ಕಿಟಕಿ ತೆರೆದಿರಬೇಕು, ಒಲೆ, ಬೀಡಿ, ಊದುಬತ್ತಿ ಹತ್ತಿರ ಇರಬಾರದು. ಮೊದಲು ಕಾಣದ ಒಂದು ಮೂಲೆಯಲ್ಲಿ ಸ್ವಲ್ಪ ಹಚ್ಚಿ, ಪ್ಲಾಸ್ಟಿಕ್ ಮಂಕಾಗುವುದಿಲ್ಲವೆಂದು ನೋಡಿಕೊಳ್ಳಿ. ಹಳೆಯ ಬಿಳಿ ಬಟ್ಟೆಗೆ ಸ್ಪಿರಿಟ್ ತಾಗಿಸಿ ಕಲೆಯ ಅಂಚಿನಿಂದ ನಡುವಿಗೆ ಒರಸಬೇಕು. ಬಟ್ಟೆಯ ಮಗ್ಗುಲು ಬದಲಿಸುತ್ತಲೇ ಇರಬೇಕು, ಇಲ್ಲದಿದ್ದರೆ ಇಲ್ಲಿನ ಶಾಯಿಯನ್ನು ಅಲ್ಲಿಗೆ ಬಳಿದಂತೆ. ತೂತುಗಳಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ. ಆಮೇಲೆ ಸಾಬೂನು ನೀರಿನಲ್ಲಿ ಒರಸಿ, ವಾಸನೆ ಪೂರ್ತಿ ಹೋಗುವವರೆಗೆ ಮುಚ್ಚಳ ತೆರೆದಿಡಬೇಕು. ಅವಸರದಲ್ಲಿ ಪ್ಲಗ್ ಹಾಕಬೇಡಿ.

ವಾಸನೆ ಹೋದ ಮೇಲೆ ಎರಡು ಹಳೆಯ ಬಿಳಿ ಬಟ್ಟೆಗಳನ್ನು ಬರಿಯ ನೀರಿನಲ್ಲಿ ನೆನೆಸಿ ಐದು ನಿಮಿಷ ತಿರುಗಿಸಿದೆವು. ಮೊದಲ ಸಲ ನೀಲಿ ಪಟ್ಟೆ. ಪುನಃ ಒರಸಿ ತಿರುಗಿಸಿದಾಗ ಅಲ್ಲಲ್ಲಿ ಚುಕ್ಕೆ. ಮೂರನೆಯ ಸಲ ಬಟ್ಟೆ ಬೆಳ್ಳಗೆ ಹೊರಬಂತು. ತೊಟ್ಟಿಯ ಪ್ಲಾಸ್ಟಿಕ್ಕಿನಲ್ಲಿ ತೆಳು ನೀಲಿ ಛಾಯೆ ಇನ್ನೂ ಇದೆ, ಇರಲಿ. ಕಲೆ ಕಾಣುವುದು ಬೇರೆ, ಕಲೆ ಹತ್ತುವುದು ಬೇರೆ. ಸೋಮವಾರ ಹುಡುಗನ ಇನ್ನೊಂದು ಅಂಗಿ ಅದೇ ಡ್ರೈಯರಿನಿಂದ ಬಂದು ಶಾಲೆಗೆ ಹೋಯಿತು.

ಪೆಟ್ರೋಲ್, ಸೀಮೆಎಣ್ಣೆ ಹಾಕಿ ತಿಕ್ಕಿದರೆ ಬೇಗ ಹೋಗುತ್ತದೆ ಎನ್ನುವವರಿದ್ದಾರೆ. ಮೋಟಾರಿನ ಹತ್ತಿರ ಅಂತಹ ಸಾಹಸ ಬೇಡ ಮಾರಾಯರೇ. ತಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸಿಯಾವು. ಸ್ಟೀಲ್ ನಾರಿನಿಂದ ತಿಕ್ಕಿದರೆ ಗೀರು ಬಿದ್ದು, ಶಾಯಿಗೆ ಕೂರಲು ಹೊಸ ಜಾಗ. ಬ್ಲೀಚ್ ಮತ್ತು ಕಕ್ಕಸು ತೊಳೆಯುವ ಆಸಿಡ್ಡನ್ನು ಬೆರೆಸುವುದಂತೂ ಕೂಡದು. ಅದರಿಂದ ಏಳುವ ಕ್ಲೋರಿನ್ ವಿಷಾನಿಲ.

ಗಲ್ಫಿನಲ್ಲಿ ನಮ್ಮ ಮಕ್ಕಳು ಬಳಸುವ ಡ್ರೈಯರ್ ಬೇರೆ ಬಗೆಯದು. ಅದು ಬಿಸಿಗಾಳಿಯಲ್ಲಿ ಬಟ್ಟೆಯನ್ನು ಪೂರ್ತಿ ಒಣಗಿಸುತ್ತದೆ. ಅಲ್ಲಿ ಡ್ರಮ್ಮು ಪೂರ್ತಿ ತಣಿಯುವವರೆಗೆ ಸ್ಪಿರಿಟ್ ಮುಟ್ಟಲೇಬಾರದು. ಸ್ಪಿರಿಟ್ ಒರಸಿದ ಚಿಂದಿಯನ್ನು ಯಾವ ಕಾರಣಕ್ಕೂ ಅದರೊಳಗೆ ಹಾಕಬಾರದು. ಶಾಯಿ ತಾಗಿದ ಅಂಗಿಯನ್ನೂ ಕಲೆ ಹೋಗುವ ಮೊದಲು ಬಿಸಿ ಡ್ರೈಯರಿಗಾಗಲಿ ಇಸ್ತ್ರಿಗಾಗಲಿ ಕೊಡಬೇಡಿ, ಬಿಸಿ ತಾಗಿದರೆ ಕಲೆ ನೂಲಿಗೆ ಕಚ್ಚುತ್ತದೆ. ಮುಂದಿನ ಸಲ ಅವರು ಫೋನ್ ಮಾಡಿದಾಗ ಇಷ್ಟನ್ನು ಹೇಳಿಬಿಡಿ.